‘ಬಿಳಿ ರಿಬ್ಬನ್’ ಹಾಡಿನಲ್ಲಿ ಅರ್ಗೀರಿಸನ ಪಾಲು

ಪಲಿಯೊಸ್ಕಾಲಾದಲ್ಲಿ ಮನೆಮನೆಯ ನೀರಿನ ಮೀಟರ್ ಓದುವ ಅರ್ಗೀರಿಸ್ ಒಂದು ಮೆಣಸಿನಕಾಯಿಯ ದೆಸೆಯಿಂದ ಪ್ರಸಿದ್ಧನಾದ. ಉಪ್ಪುನೀರಿನಲ್ಲಿ ನೆನೆಸಿದ, ನೋಡಲು ಬಹಳ ಸಾಧುವಾದ ಹಸಿರು ಮೆಣಸಿನಕಾಯಿ ಅದು. ಜಿಸಿಸನ ಅಂಗಡಿಯಲ್ಲಿ ಸಿಪೂರೊ ಎಂಬ ದ್ರಾಕ್ಷಿ ಸಾರಾಯಿ ಕುಡಿಯಲು ಕೂತರೆ ಪ್ರತಿ ಗ್ಲಾಸಿನ ಜೊತೆಗೂ ಒಂದು ಪುಟ್ಟ ತಟ್ಟೆ ತಿಂಡಿ ಬರುವುದು ರೂಢಿ. ಮೊದಲನೆಯದಕ್ಕೆ ಆಲಿವ್ ಕಾಯಿ, ಎರಡನೆಯದಕ್ಕೆ ಹುರಿದ ಸಣ್ಣ ಮೀನು, ಮೂರನೆಯದಕ್ಕೆ ಜಿಸಿಸನ ಮನಸ್ಸಿಗೆ ಬಂದದ್ದು. ಆ ಶನಿವಾರ ಮಧ್ಯಾಹ್ನ ಅವನ ಮನಸ್ಸಿಗೆ ಮೆಣಸಿನಕಾಯಿ ಬಂತು. ಅರ್ಗೀರಿಸ್ ಅದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ಕಚ್ಚುವುದಕ್ಕೂ ರೇಡಿಯೊದಲ್ಲಿ ‘ಬಿಳಿ ರಿಬ್ಬನ್’ ಶುರುವಾಗುವುದಕ್ಕೂ ಸರಿಹೋಯಿತು.

ಆ ಬೇಸಿಗೆಯಲ್ಲಿ ಆ ಹಾಡಿನಿಂದ ತಪ್ಪಿಸಿಕೊಂಡವರು ಇಡೀ ಗ್ರೀಸಿನಲ್ಲಿ ಯಾರೂ ಇರಲಿಲ್ಲ. ಟ್ಯಾಕ್ಸಿಯಲ್ಲಿ ಅದೇ, ಮೀನು ಮಾರ್ಕೆಟ್ಟಿನಲ್ಲಿ ಅದೇ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದರೂ ಅದೇ. ಹಾಡಿದವಳು ಮಿರ್ಸಿನಿ, ಪಲಿಯೊಸ್ಕಾಲಾದ ಹುಡುಗಿಯೇ. ಇಪ್ಪತ್ತೆರಡು ವರ್ಷದ ಹಿಂದೆ ಯಾರಿಗೂ ಹೇಳದೆ ಬಸ್ಸು ಹತ್ತಿ ಅಥೆನ್ಸಿಗೆ ಹೋದವಳು, ಅಷ್ಟು ವರ್ಷವೂ ಬೇರೆಯವರ ಹಿಂದೆ ನಿಂತು ಆಲಾಪ ಹಾಡಿ, ನಲವತ್ತೈದನೇ ವಯಸ್ಸಿನಲ್ಲಿ ತಾನೇ ಬರೆದ ಈ ಒಂದೇ ಹಾಡಿನಿಂದ ದೇಶವನ್ನೆಲ್ಲ ಅಳಿಸಿದ್ದಳು.

ಮದುವೆಯ ಜೋಡಿ ಕಿರೀಟ ಕೊಂಡೆ, ಬಿಳಿ ರಿಬ್ಬನ್ ಕಟ್ಟಿದೆ,
ನನಗೆ ಕೊಟ್ಟ ಮಾತ ನೀನು ಬೇರೆಯವರಿಗೆ ಕೊಟ್ಟೆ.
ಕಡಲ ಕಟ್ಟೆಯ ಮೇಲೆ ಕಾದೆ ಎರಡು ಐಸ್‌ಕ್ರೀಮು ಹಿಡಿದು,
ಒಂದು ಕರಗಿ ಹೋಯಿತು, ಒಂದನ್ನು ಅತ್ತುಕೊಂಡು ತಿಂದೆ.

ಈ ಕೊನೆಯ ಸಾಲಿಗೆ ಸರಿಯಾಗಿ ಅರ್ಗೀರಿಸನ ಎರಡೂ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ಮುಖ ಕೆಂಪೇರಿತು. ಅವನು ಎದೆಯ ಮೇಲೆ ಕೈಯಿಟ್ಟುಕೊಂಡು ಕಿಟಕಿಯಾಚೆ ಸಮುದ್ರದ ಕಡೆ ತಿರುಗಿದ. ಗಾಳಿ ಅತ್ತಲಿಂದ ಬರುತ್ತಿತ್ತು. ಅಂಗಡಿಯವರೆಲ್ಲ ಅವನ ಕಡೆ ತಿರುಗಿದರು. ಜಿಸಿಸ್ ಹೆಗಲ ಮೇಲಿನ ಬಟ್ಟೆ ತೆಗೆದು ಮೇಜಿನ ಮೇಲಿಟ್ಟು, ಮಿರ್ಸಿನಿ ನಿನ್ನ ಶಾಲೆಯಲ್ಲೇ ಓದಿದವಳಲ್ಲವೇ ಎಂದು ಮೆಲ್ಲಗೆ ಕೇಳಿದ. ಅರ್ಗೀರಿಸ್ ತಲೆಯಾಡಿಸಿದ. ಹಾಗಾದರೆ ಆ ‘ನೀನು’ ಅಂದರೆ ನೀನೇನಾ ಎಂದು ಜಿಸಿಸ್ ಮತ್ತೆ ಕೇಳಿದ. ಇದಕ್ಕೆ ಇಲ್ಲ ಎನ್ನಲು ಅರ್ಗೀರಿಸನಿಗೆ ಬಾಯಿ ಇರಲಿಲ್ಲ, ಅದು ಉರಿಯುತ್ತಿತ್ತು.

ಬಾಯುರಿ ಆರುವಷ್ಟರಲ್ಲಿ ನಾಲ್ಕು ಮೇಜಿನವರು ಎದ್ದು ಬಂದು ಅವನ ಬೆನ್ನು ಸವರಿದ್ದರು, ಮೇಜಿನ ಮೇಲೆ ಅವನು ಹೇಳದೇ ಇದ್ದ ಆಕ್ಟೋಪಸ್ ತಟ್ಟೆ ಬಂದು ಕೂತಿತ್ತು. ನಲವತ್ತೆಂಟು ವರ್ಷದ ಬಾಳಿನಲ್ಲಿ ಅರ್ಗೀರಿಸನ ಬೆನ್ನನ್ನು ಯಾರೂ ಸವರಿರಲಿಲ್ಲ. ಮೀಟರ್ ಓದುವವನು ಗೇಟಿನ ಹತ್ತಿರ ಬಂದರೆ ಜನ ನಾಯಿ ಬಿಡುತ್ತಾರೆಯೇ ಹೊರತು ಬೆನ್ನು ಸವರುವುದಿಲ್ಲ. ಈಗ ಸತ್ಯ ಹೇಳಿದರೆ ಆಕ್ಟೋಪಸ್ ವಾಪಸ್ಸು ಹೋಗುತ್ತದೆ. ಅವನು ಒಂದು ತುಂಡು ಬಾಯಿಗಿಟ್ಟುಕೊಂಡು, ಹಳೆಯ ಮಾತು ಬಿಡಿ ಎಂದ. ಬಿಡಿ ಎಂದದ್ದನ್ನು ಬಿಟ್ಟ ಊರು ಎಲ್ಲಿಯೂ ಇಲ್ಲ.

ಸೋಮವಾರದಿಂದ ಮೀಟರ್ ಓದುವ ಕೆಲಸ ನಿಧಾನವಾಯಿತು. ದಿನಕ್ಕೆ ಅರವತ್ತು ಮನೆ ಮುಗಿಸುತ್ತಿದ್ದವನು ಹನ್ನೊಂದಕ್ಕೆ ಇಳಿದ. ಪ್ರತಿ ಮನೆಯಲ್ಲೂ ಕಾಫಿ, ಚಮಚದಲ್ಲಿ ಕೊಡುವ ಚೆರ್ರಿ ಮುರಬ್ಬ, ಆಮೇಲೆ ಪ್ರಶ್ನೆಗಳು. ಹೆಂಗಸರು ಅವನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿ, ಈ ಹೊಟ್ಟೆಯ ಒಳಗೆಲ್ಲೋ ಆ ಹಳೆಯ ಹುಡುಗ ಇದ್ದಾನೆಂದು ಹುಡುಕುತ್ತಿದ್ದರು. ಅರ್ಗೀರಿಸ್ ನೇರವಾಗಿ ಒಂದು ಸುಳ್ಳನ್ನೂ ಹೇಳಲಿಲ್ಲ. ಪ್ರತಿ ಪ್ರಶ್ನೆಗೂ ಒಂದು ನಿಟ್ಟುಸಿರು ಬಿಡುತ್ತಿದ್ದ, ಅಷ್ಟೆ. ನಿಟ್ಟುಸಿರಿಗೆ ಸಾಕ್ಷಿ ಕೇಳುವ ಕಾನೂನು ಇನ್ನೂ ಬಂದಿಲ್ಲ.

ಆದರೆ ಹಾಡಿಗೆ ಎರಡನೇ ಚರಣವೂ ಇತ್ತು. ‘ನಿನ್ನ ನೀಲಿ ಸೈಕಲ್ಲಿನ ಹಿಂದೆ ಕೂತು ಹೋದವಳು ನಾನು’ ಎಂದು ಅದರಲ್ಲಿ ಬರುತ್ತದೆ. ನಿನ್ನ ಹತ್ತಿರ ಸೈಕಲ್ಲೇ ಇರಲಿಲ್ಲವಲ್ಲ ಎಂದು ಯಾರೋ ತಕರಾರು ತೆಗೆದರು. ಅರ್ಗೀರಿಸನಿಗೆ ಆ ರಾತ್ರಿ ಊಟ ಸೇರಲಿಲ್ಲ. ಮಾರನೆಯ ಬೆಳಿಗ್ಗೆ ಮನೆಯ ಹಿಂದಿನ ಉಗ್ರಾಣದಲ್ಲಿ ಎಣ್ಣೆ ಡಬ್ಬ ಹುಡುಕುವಾಗ ಹಳೆ ಚಾಪೆಯ ಹಿಂದೆ ಅವನ ಕೈಗೆ ಒಂದು ಹ್ಯಾಂಡಲ್ ಸಿಕ್ಕಿತು. ಎಳೆದರೆ ಸೈಕಲ್ಲು. ತುಕ್ಕು ಒರೆಸಿದರೆ ನೀಲಿ. ಇದು ಇಲ್ಲಿಗೆ ಹೇಗೆ ಬಂತೆಂದು ಯೋಚಿಸಬೇಕಾದ ಹೊತ್ತು ಅದು. ಅರ್ಗೀರಿಸ್ ಯೋಚಿಸಲಿಲ್ಲ, ಗಾಳಿ ಹೊಡೆದ. ನಲವತ್ತೆಂಟರ ವಯಸ್ಸಿನಲ್ಲಿ ಒಂದು ಕಾಲದ ಹುಡುಗನ ಹಾಗೆ ಕಡಲ ದಂಡೆಯ ರಸ್ತೆಯಲ್ಲಿ ಅದನ್ನು ಓಡಿಸಿಕೊಂಡು ಹೋದಾಗ ಜನ ಕುರ್ಚಿಯಿಂದ ಎದ್ದು ನಿಂತರು.

ಅವನ ಹೆಂಡತಿ ಎವಾಂಥಿಯಾ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಮಾತು ಕಡಿಮೆ, ಕೈ ಚುರುಕು, ಎರಡು ಬೀದಿ ಆಚೆಯವರೂ ಬಂದು ಬಟ್ಟೆ ಹೊಲಿಸಿಕೊಂಡು ಹೋಗುತ್ತಿದ್ದ ದರ್ಜಿ ಅವಳು. ಅವನು ಬೆವರುತ್ತ ಒಳಗೆ ಬಂದಾಗ ಅವಳು ಹೇಳಿದ್ದು ಒಂದೇ ಮಾತು.

“ಅದರ ಬ್ರೇಕ್ ಹಿಡಿಯೋಲ್ಲ. ಇಳಿಜಾರಲ್ಲಿ ಕಾಲು ಕೊಟ್ಟು ನಿಲ್ಲಿಸ್ಬೇಕು.”

ಅರ್ಗೀರಿಸ್ ಇದನ್ನು ಹೊಟ್ಟೆಕಿಚ್ಚು ಎಂದು ಅರ್ಥಮಾಡಿಕೊಂಡ. ಹೊಟ್ಟೆಕಿಚ್ಚಿನ ಹೆಂಡತಿ ಇರುವುದು ಅವನಿಗೆ ಹೊಸದು, ಒಳಗೊಳಗೇ ಹಿತವೂ ಆಯಿತು.

ಮೂರನೇ ಚರಣದಲ್ಲಿ ಒಂದು ಕತ್ತೆ ಬರುತ್ತದೆ. ‘ಐದನೇ ಗ್ಲಾಸಿಗೆ ನನ್ನ ಜಾಗ ಮಾರಿದ ಆ ಕತ್ತೆಗೂ ದೇವರು ಹುಲ್ಲು ಕೊಡಲಿ.’ ಈ ಕತ್ತೆ ಯಾರು ಎಂಬುದರ ಮೇಲೆ ಜಿಸಿಸನ ಅಂಗಡಿ ಎರಡು ಪಂಗಡವಾಯಿತು. ಇಬ್ಬರು ಪ್ರೇಮಿಗಳ ಮಧ್ಯೆ ಬಂದು ಹೆಣ್ಣಿನ ಬಾಳು ಹಾಳುಮಾಡಿದ ಆ ದ್ರೋಹಿಯ ಹೆಸರು ಹೇಳಲೇಬೇಕೆಂದು ಎಲ್ಲರೂ ಅರ್ಗೀರಿಸನ ಮೇಲೆ ಬಿದ್ದರು. ಅವನು ಕಣ್ಣು ಮುಚ್ಚಿ, ಸತ್ತವರ ಮಾತು ಬೇಡ ಎಂದ. ಅಲ್ಲಿಗೆ ಅನುಮಾನವೆಲ್ಲ, ಅವನ ಮದುವೆ ಕುದುರಿಸಿದ್ದ ಸೋದರಮಾವ ಥಿಮಿಯೊಸನ ಮೇಲೆ ಹೋಯಿತು. ಬದುಕಿರುವವರೆಗೂ ಕ್ಯಾಮೊಮೈಲ್ ಕಷಾಯ ಬಿಟ್ಟು ಬೇರೇನೂ ಕುಡಿಯದ ಆ ಸಾಧು ಮನುಷ್ಯನ ಗೋರಿಯ ಮೇಲೆ ಮಾರನೆಯ ದಿನ ಯಾರೋ ಒಂದು ಹಿಡಿ ಹುಲ್ಲು ಇಟ್ಟು ಬಂದಿದ್ದರು. ಆ ಕತ್ತೆಗೆ ಶಾಪ ಹಾಕಿದವರಲ್ಲಿ ಅರ್ಗೀರಿಸನದೇ ಎಲ್ಲರಿಗಿಂತ ದೊಡ್ಡ ದನಿ.

ಇದೆಲ್ಲ ಕಿವಿಗೆ ಬಿದ್ದು ಕೆರಳಿದವಳು ಕ್ಲಿಯೊ. ಇವಳು ನೀರಿನ ಕಚೇರಿಯ ಹಿರಿಯ ಅಧಿಕಾರಿ ಕ್ಸೆನೊಫೋನನ ಹೆಂಡತಿ. ಅದಕ್ಕಿಂತ ಹೆಚ್ಚಾಗಿ ಅರ್ಗೀರಿಸ್ ಎವಾಂಥಿಯಾರ ಕೂಂಬಾರಾ, ಅಂದರೆ ಅವರ ಮದುವೆಗೆ ಪಕ್ಕದಲ್ಲಿ ನಿಂತು ಸಾಕ್ಷಿಯಾದವಳು. ಕೂಂಬಾರಾ ಆದವಳಿಗೆ ಆ ಸಂಸಾರದ ಮೇಲೆ ಅತ್ತೆಗಿರುವುದಕ್ಕಿಂತ ಜಾಸ್ತಿ ಅಧಿಕಾರ. ಭಾನುವಾರ ಚರ್ಚಿನಿಂದ ನೇರವಾಗಿ, ಒಂದು ಡಬ್ಬಿ ಸಿಹಿ ಹಿಡಿದುಕೊಂಡು ಬಂದವಳು ಡಬ್ಬಿಯನ್ನು ಕೊಡುವುದಕ್ಕೆ ಮೊದಲೇ ಶುರುಮಾಡಿದಳು.

“ಲೋ ಅರ್ಗೀರಿಸ್, ಮೂರು ಸಲ ನಿಮ್ಮಿಬ್ಬರ ತಲೆ ಮೇಲೆ ಕಿರೀಟ ಅದಲುಬದಲು ಮಾಡಿದವಳು ನಾನು. ವೋಲೋಸಿನ ಅಂಗಡಿ ಅಂಗಡಿ ಸುತ್ತಿ ಕೊಂಡು ತಂದವಳೂ ನಾನೇ, ಒಂಬತ್ತೇ ದಿನದಲ್ಲಿ. ಆ ಕಿರೀಟ ನಿನ್ನ ಮಂಚದ ಮೇಲೆ ಗಾಜಿನ ಪೆಟ್ಟಿಗೇಲಿ ಕೂತಿದೆ. ಅದರ ಕೆಳಗೆ ಮಲಗಿ ಇನ್ನೊಬ್ಬಳ ಹಾಡು ಗುನುಗ್ತೀಯಲ್ಲ, ನಾಚಿಕೆ ಆಗಲ್ವಾ?”

ಅರ್ಗೀರಿಸ್ ನಿಟ್ಟುಸಿರು ಬಿಟ್ಟ. ಕ್ಲಿಯೊ ಎವಾಂಥಿಯಾಳ ಕಡೆ ತಿರುಗಿ, ನೀನಾದರೂ ಎರಡು ಮಾತು ಬೈಯಿ ಎಂದಳು. ಎವಾಂಥಿಯಾ ಸಿಹಿಯ ಡಬ್ಬಿಯನ್ನು ಬಿಚ್ಚಿ, ಗಂಡನನ್ನೇ ನೋಡುತ್ತ, ಹಾಡನ್ನು ಪೂರ್ತಿ ಕೇಳಿದ್ದೀಯಾ ಎಂದು ಕೇಳಿದಳು. ನೂರು ಸಲ ಕೇಳಿದ್ದೇನೆ ಎಂದ ಅವನು. ಅವಳು ಇನ್ನೇನೋ ಕೇಳಲಿದ್ದಾಳೆ ಎಂದು ಅವನಿಗೆ ಅನ್ನಿಸಿತು, ಆದರೆ ಡಬ್ಬಿಯಲ್ಲಿ ಬಾದಾಮಿಯವು ನಾಲ್ಕೇ ಇದ್ದವು.

ಇಷ್ಟಕ್ಕೇ ನಿಂತಿದ್ದರೆ ಅರ್ಗೀರಿಸ್ ಸುಖವಾಗಿ ನಿಟ್ಟುಸಿರು ಬಿಟ್ಟುಕೊಂಡು ನಿವೃತ್ತನಾಗುತ್ತಿದ್ದ. ಆದರೆ ಊರಿಗೊಂದು ಸಾಂಸ್ಕೃತಿಕ ಸಂಘವಿತ್ತು, ಸಂಘಕ್ಕೊಬ್ಬ ಅಧ್ಯಕ್ಷೆಯಿದ್ದಳು. ಔಷಧಿ ಅಂಗಡಿಯ ಪೊಲಿಕ್ಸೇನಿ. ಈ ವರ್ಷದ ಸಾರ್ಡೀನ್ ಮೀನಿನ ಹಬ್ಬಕ್ಕೆ ಮಿರ್ಸಿನಿಯನ್ನೇ ಕರೆಸುವುದು, ಕಡಲ ಕಟ್ಟೆಯ ಮೇಲೆ ‘ಬಿಳಿ ರಿಬ್ಬನ್ ಬೆಂಚು’ ಹಾಕಿಸುವುದು, ಹಾಡು ಮುಗಿದ ಮೇಲೆ ಅರ್ಗೀರಿಸ್ ವೇದಿಕೆ ಹತ್ತಿ ಅವಳಿಗೆ ಹೂಗುಚ್ಛ ಕೊಟ್ಟು ಕ್ಷಮೆ ಕೇಳುವುದು ಎಂದು ಸಂಘ ಸರ್ವಾನುಮತದಿಂದ ತೀರ್ಮಾನಿಸಿತು. ಮಿರ್ಸಿನಿ ಮೂರೇ ದಿನದಲ್ಲಿ ಒಪ್ಪಿ ಪತ್ರ ಬರೆದಳು. ಅದರಲ್ಲಿ, ಆ ವ್ಯಕ್ತಿ ಇನ್ನೂ ಊರಿನಲ್ಲೇ ಇದ್ದಾರೆಂದು ಕೇಳಿ ಈ ಪತ್ರವನ್ನು ಮೂರು ಸಲ ಹರಿದು ಬರೆದೆ ಎಂದಿತ್ತು.

ಅರ್ಗೀರಿಸ್ ಅದನ್ನು ನಾಲ್ಕು ಸಲ ಓದಿದ. ಜೀವಮಾನದಲ್ಲಿ ಅವನು ಮಿರ್ಸಿನಿಯ ಜೊತೆ ಮಾತಾಡಿದ್ದು ಎರಡು ಸಲ. ಒಂದು ಸಲ ಶಾಲೆಯ ಬಸ್ಸಿನಲ್ಲಿ, ಇಲ್ಲಿ ಯಾರಾದರೂ ಕೂತಿದ್ದಾರಾ ಎಂದು ಕೇಳಿದ್ದ. ಇನ್ನೊಂದು ಸಲ ಅವಳು, ಹೌದು, ಕೂತಿದ್ದಾರೆ ಎಂದಿದ್ದಳು. ಇನ್ನು ಹತ್ತೊಂಬತ್ತು ದಿನಕ್ಕೆ ಅವಳು ಸಾವಿರ ಜನರೆದುರಿಗೆ, ಇವನ್ಯಾರು ಎಂದು ಕೇಳುತ್ತಾಳೆ. ಊರು ನಗುತ್ತದೆ, ನಗಲಿ, ಊರು ಇರುವುದೇ ಅದಕ್ಕೆ. ಆದರೆ ಮೊದಲ ಸಾಲಿನಲ್ಲಿ ಕೂತ ಎವಾಂಥಿಯಾ ನಗುವುದಿಲ್ಲ. ಇಲ್ಲದ ಪ್ರೇಮಕ್ಕಾಗಿ ಇದ್ದ ಹೆಂಡತಿಯನ್ನು ಊರ ಬಾಯಿಗೆ ಹಾಕಿದವನನ್ನು ಅವಳು ಇನ್ನು ಯಾವ ಮುಖದಲ್ಲಿ ನೋಡಿಯಾಳು. ಇದು ಹೊಳೆದಾಗ ಅವನಿಗೆ ನಿಜವಾಗಿ ಭಯವಾಯಿತು.

ಅವನು ಸತ್ಯ ಹೇಳಲು ಹೊರಟ. ಸುಳ್ಳಿಗೆ ಒಂದು ನಿಟ್ಟುಸಿರು ಸಾಕಾಗಿತ್ತು, ಸತ್ಯಕ್ಕೆ ಎಷ್ಟು ಮಾತೂ ಸಾಕಾಗಲಿಲ್ಲ. ಅದು ಮೆಣಸಿನಕಾಯಿ ಕಣಯ್ಯಾ ಎಂದು ಜಿಸಿಸನಿಗೆ ಹೇಳಿದ. ಜಿಸಿಸ್ ಅವನ ಕೈ ಹಿಡಿದುಕೊಂಡು, ಹೆಂಡತಿಯ ಮನಸ್ಸು ನೋಯಬಾರದೆಂದು ಇಷ್ಟು ವರ್ಷದ ಪ್ರೀತಿಯನ್ನು ಮೆಣಸಿನಕಾಯಿಯ ಮೇಲೆ ಹಾಕುತ್ತಿದ್ದೀಯಲ್ಲ, ನೀನು ದೊಡ್ಡವನು ಎಂದ. ಪೊಲಿಕ್ಸೇನಿಗೆ, ಹಾಡು ನನ್ನ ಮೇಲಲ್ಲ ಎಂದು ಆಣೆಯಿಟ್ಟು ಹೇಳಿದ. ಅವಳು ರಕ್ತದೊತ್ತಡ ಪರೀಕ್ಷಿಸಿ ಮಾತ್ರೆ ಕೊಟ್ಟಳು. ಕಡೆಗೆ ಚರ್ಚಿಗೆ ಹೋಗಿ ಪಾದ್ರಿಯೆದುರು ತಪ್ಪೊಪ್ಪಿಕೊಂಡ. ಅವರು ಕೇಳಿ ಕ್ಷಮಿಸಿ, ಕಳಿಸುವ ಮುಂಚೆ, ಆ ಕತ್ತೆ ನಿಮ್ಮ ಸೋದರಮಾವನೇನಾ ಎಂದು ವಿಚಾರಿಸಿದರು.

ಹಬ್ಬದ ದಿನ ಮಧ್ಯಾಹ್ನ ಊರೆಲ್ಲ ಮಲಗಿದ್ದಾಗ ಅವನು ಅಡುಗೆಮನೆಗೆ ಹೋದ. ಎವಾಂಥಿಯಾ ತನ್ನ ಒಳ್ಳೆಯ ಹಸಿರು ಲಂಗಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಒಂದೇ ನೆರಿಗೆಯನ್ನು ಅವಳು ಮತ್ತೆ ಮತ್ತೆ ಒತ್ತುತ್ತಿದ್ದದ್ದು ಕಂಡ. ನನ್ನನ್ನು ಬಿಟ್ಟು ತಂಗಿಯ ಮನೆಗೆ ಹೊರಟಿದ್ದಾಳೆ ಎಂದುಕೊಂಡ.

“ಎವಾಂಥಿಯಾ, ಆ ಹಾಡು ನನ್ನ ಮೇಲಲ್ಲ ಕಣೆ. ಅವಳಿಗೆ ನನ್ನ ಹೆಸರೂ ಗೊತ್ತಿರಲಿಕ್ಕಿಲ್ಲ. ನಾಲ್ಕು ಜನ ಬೆನ್ನು ಸವರಿದ್ರು, ಹಿತವಾಯ್ತು, ಸುಮ್ಮನಿದ್ದುಬಿಟ್ಟೆ.”

“ಗೊತ್ತು,” ಎಂದಳು ಅವಳು ಇಸ್ತ್ರಿ ನಿಲ್ಲಿಸದೆ.

“ಗೊತ್ತಿದ್ದೂ ಯಾಕೆ ಏನೂ ಅನ್ನಲಿಲ್ಲ?”

“ನಿನಗೆ ನೆನಪಾಗುತ್ತೇನೋ ಅಂತ ಕಾಯ್ತಿದ್ದೆ. ಇಪ್ಪತ್ತೆರಡು ವರ್ಷ ಕಾದಿದೀನಿ, ಇನ್ನು ನಾಲ್ಕು ಗಂಟೆ ಕಾದರೆ ನಷ್ಟ ಏನಿಲ್ಲ. ಸಂಜೆ ಹೋಗಿ ಹೂ ಕೊಡು. ನಾನೂ ಬರ್ತೀನಿ.”

ಏನು ನೆನಪಾಗಬೇಕು ಎಂದು ಅವನು ಕೇಳಿದ. ಅವಳು ಲಂಗವನ್ನು ಮಗುಚಿ ಇಸ್ತ್ರಿ ಮುಂದುವರಿಸಿದಳು.

ಸಂಜೆ ಏಳಕ್ಕೆ, ಬಿಸಿಲಿನ್ನೂ ನೀರಿನ ಮೇಲಿರುವಾಗಲೇ, ಹುರಿದ ಸಾರ್ಡೀನಿನ ಹೊಗೆಯ ನಡುವೆ ಮಿರ್ಸಿನಿ ವೇದಿಕೆ ಹತ್ತಿದಳು. ಹಾಡಿದಳು. ಊರು ಅತ್ತಿತು, ಕತ್ತೆಯ ಸಾಲಿಗೆ ಕೆಲವರು ಮೇಲೆ ನೋಡಿ ಥಿಮಿಯೊಸನನ್ನು ನೆನೆದರು. ಹಾಡು ಮುಗಿದದ್ದೇ ಪೊಲಿಕ್ಸೇನಿ ಹಿಂದಿನಿಂದ ನೂಕಿದಳು, ಅರ್ಗೀರಿಸ್ ಹೂಗುಚ್ಛದ ಸಮೇತ ಮುಗ್ಗರಿಸಿ ಮಿರ್ಸಿನಿಯ ಮುಂದೆ ಹೋಗಿ ನಿಂತ. ಅವನು ಕಣ್ಣು ಮುಚ್ಚಿಕೊಂಡ.

“ನೀನು ಅರ್ಗೀರಿಸ್,” ಎಂದಳು ಮಿರ್ಸಿನಿ. ಮೈಕಿನಲ್ಲಿ ಅದು ಊರಿಗೆಲ್ಲ ಕೇಳಿಸಿತು. “ನಿನ್ನ ಮುಖ ಮರೆಯೋಕಾಗುತ್ತಾ?”

ಜನಸ್ತೋಮ ಒಂದೇ ಉಸಿರಿನಲ್ಲಿ ನಿಟ್ಟುಸಿರಿಟ್ಟಿತು. ಅರ್ಗೀರಿಸ್ ಬೆರಗಾಗಿ ಕಣ್ಣು ಬಿಟ್ಟ. ತನಗೇ ಗೊತ್ತಿಲ್ಲದೆ ತಾನು ಇವಳನ್ನು ಪ್ರೀತಿಸಿ ಕೈಬಿಟ್ಟಿದ್ದೆನೇನೋ ಎಂದು ಒಂದು ಗಳಿಗೆ ಅವನಿಗೇ ಅನುಮಾನ ಬಂತು. ಮಿರ್ಸಿನಿ ಹೂವನ್ನು ತೆಗೆದುಕೊಳ್ಳಲಿಲ್ಲ. ಪಕ್ಕದ ಕುರ್ಚಿಯ ಮೇಲಿದ್ದ ರಟ್ಟಿನ ಪೆಟ್ಟಿಗೆ ತೆರೆದು, ಹಳದಿಗೆ ತಿರುಗಿದ ಜೋಡಿ ಮದುವೆ ಕಿರೀಟವನ್ನು ಎತ್ತಿ ಹಿಡಿದಳು. ಎರಡನ್ನೂ ಸೇರಿಸಿ ಕಟ್ಟಿದ ರಿಬ್ಬನ್ ಮಾತ್ರ ಇನ್ನೂ ಬೆಳ್ಳಗಿತ್ತು.

“ಇಡೀ ದೇಶ ಈ ಹಾಡಿಗೆ ಅತ್ತಿದೆ. ಒಬ್ಬರಾದರೂ ಒಂದು ಪ್ರಶ್ನೆ ಕೇಳಲಿಲ್ಲ. ನಮ್ಮಲ್ಲಿ ಮದುವೆ ಕಿರೀಟ ಕೊಳ್ಳೋರು ಯಾರು?”

ನಿಜ ಹೇಳಬೇಕೆಂದರೆ, ದುಃಖದ ಹಾಡು ಕೇಳುವಾಗ ಅಂಗಡಿಯಿಂದ ಸಾಮಾನು ಯಾರು ತಂದರೆಂದು ವಿಚಾರಿಸುವವರು ಇರುವುದಿಲ್ಲ. ಮೊದಲ ಸಾಲಿನಿಂದ ಕ್ಲಿಯೊ ಮೆಲ್ಲಗೆ ಎದ್ದು ನಿಂತಳು. ಅವಳ ಮುಖದ ಬಣ್ಣ ಇಳಿದಿತ್ತು.

“ಮದುಮಗಳು ಕೊಳ್ಳಲ್ಲ,” ಎಂದಳು. “ಕೂಂಬಾರಾ ಕೊಳ್ಳೋದು.”

“ಹೌದಮ್ಮ. ಹನ್ನೆರಡನೇ ವಯಸ್ಸಿಗೇ ನನಗೆ ಮಾತು ಸಿಕ್ಕಿತ್ತು, ನನ್ನ ಮದುವೆಗೆ ನೀನೇ ಕೂಂಬಾರಾ ಅಂತ. ನೀಲಿ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಎವಾಂಥಿಯಾ ಹೇಳಿದ್ದಳು. ಕಿರೀಟ ಕೊಂಡಾಯ್ತು, ಬಟ್ಟೆ ಹೊಲಿಸಿಯಾಯ್ತು. ಮದುವೆಗೆ ಒಂಬತ್ತು ದಿನ ಇದೆ ಅನ್ನೋವಾಗ ಮದುಮಗ ಜಿಸಿಸನ ಅಂಗಡೀಲಿ ಕೂತು, ಐದನೇ ಗ್ಲಾಸಿಗೆ ನೀರಿನ ಕಚೇರಿಯ ಹೊಸ ಸಾಹೇಬರ ಕೈ ಹಿಡ್ಕೊಂಡು, ‘ನಿಮ್ಮ ಮನೆಯವರೇ ನಮಗೆ ಕೂಂಬಾರಾ ಆಗ್ಬೇಕು’ ಅಂದುಬಿಟ್ಟ.”

ಹಾಗೆ ಕೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವರು ಆ ಕೊಲ್ಲಿಯ ಸುತ್ತ ಯಾರೂ ಇಲ್ಲ. ತೆಗೆದುಕೊಂಡರೆ ಎರಡು ಮನೆತನಕ್ಕೆ ಮೂರು ತಲೆಮಾರು ಮಾತಿರುವುದಿಲ್ಲ. ಅರ್ಗೀರಿಸನಿಗೆ ಈಗ ಆ ಮಧ್ಯಾಹ್ನ ನೆನಪಾಯಿತು. ಸಾಹೇಬರ ಕೈ ನೆನಪಾಯಿತು, ಗ್ಲಾಸು ನೆನಪಾಯಿತು, ಗ್ಲಾಸಿನ ಜೊತೆ ಬಂದ ಹುರಿದ ಬದನೆಕಾಯಿಯೂ ನೆನಪಾಯಿತು. ಸೋದರಮಾವ ಕುದುರಿಸಿದ ಆ ಮದುವೆಗೆ ಎವಾಂಥಿಯಾ ಯಾವ ಗೆಳತಿಯನ್ನು ಕರೆದಿದ್ದಾಳೆಂದು ಅವನು ಕೇಳಿಯೇ ಇರಲಿಲ್ಲ. ಅದನ್ನು ಹೋಗಿ ಹೇಳಿದಾಗ ಎವಾಂಥಿಯಾ ಏನೆಂದಳು ಎನ್ನುವುದೊಂದು ನೆನಪಾಗಲಿಲ್ಲ, ಅವಳು ಏನೂ ಅಂದಿರಲಿಲ್ಲ.

ಅಷ್ಟರಲ್ಲಿ ಎವಾಂಥಿಯಾ ಹಸಿರು ಲಂಗದಲ್ಲಿ ವೇದಿಕೆಯ ಮೆಟ್ಟಿಲು ಹತ್ತಿ ಬಂದಿದ್ದಳು. ಅವಳ ಎರಡೂ ಕೈಯಲ್ಲಿ ಒಂದೊಂದು ಐಸ್‌ಕ್ರೀಮಿತ್ತು, ಮೂರನೇ ಚರಣದಿಂದಲೇ ಹಿಡಿದುಕೊಂಡು ನಿಂತಿದ್ದರಿಂದ ಮೊಣಕೈವರೆಗೂ ಇಳಿದಿತ್ತು.

“ಅವತ್ತು ಕಟ್ಟೆ ತನಕ ಬಂದಿದ್ದೆ ಕಣೆ,” ಎಂದಳು. “ನೀನು ಕೂತಿದ್ದು ಕಾಣಿಸ್ತು. ಏನು ಹೇಳ್ಲಿ ಅಂತ ತಿಳೀದೆ ಮರದ ಹಿಂದಿಂದಲೇ ವಾಪಸ್ಸು ಹೋದೆ. ಅವನದು ಒಂದು ಮಾತಿನ ತಪ್ಪು. ನನ್ನದು ಇಪ್ಪತ್ತೆರಡು ವರ್ಷದ್ದು.”

ಮಿರ್ಸಿನಿ ಕಿರೀಟವನ್ನು ಪೆಟ್ಟಿಗೆಯಲ್ಲಿಟ್ಟು, ಜಾಸ್ತಿ ಕರಗಿದ್ದ ಐಸ್‌ಕ್ರೀಮನ್ನು ಆರಿಸಿ ತೆಗೆದುಕೊಂಡಳು. ಇಬ್ಬರೂ ಸಾವಿರ ಜನರ ಎದುರಿಗೆ ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ತಿಂದರು. ಅವರು ಏನು ಮಾತಾಡಿಕೊಂಡರೆಂದು ಯಾರಿಗೂ ಕೇಳಿಸಲಿಲ್ಲ, ಪೊಲಿಕ್ಸೇನಿ ಮೊದಲ ಬಾರಿಗೆ ಬುದ್ಧಿ ಉಪಯೋಗಿಸಿ ಮೈಕ್ ಆರಿಸಿದ್ದಳು. ಕ್ಲಿಯೊ ತನ್ನ ಗಂಡನ ಹತ್ತಿರ, ಆ ಜಾಗ ಖಾಲಿಯಿತ್ತು ಅಂತ ನೀವು ಹೇಳಿದ್ದಿರಿ ಎನ್ನುತ್ತ ಅಳುತ್ತಿದ್ದಳು. ಆಮೇಲೆ ಅವಳೂ ಹೋಗಿ ಅವರ ಪಕ್ಕ ಕೂತಳು.

ಹೂಗುಚ್ಛ ಹಿಡಿದ ಅರ್ಗೀರಿಸ್ ವೇದಿಕೆಯ ನಡುವೆ ಒಬ್ಬನೇ ಉಳಿದ. ಊರಿನ ಲೆಕ್ಕಾಚಾರ ನಿಧಾನ, ಆದರೆ ತಪ್ಪುವುದಿಲ್ಲ. ಮೊದಲು ಜಿಸಿಸನಿಗೆ ಹೊಳೆಯಿತು. ಅವನು ಬೆಂಚಿನ ಮೇಲೆ ಹತ್ತಿ, ಐದನೇ ಗ್ಲಾಸು ಎಂದ. ಅಷ್ಟೇ ಅಂದದ್ದು. ಹಿಂದಿನ ಸಾಲಿನಿಂದ ಯಾರೋ ಒಬ್ಬರು ಕತ್ತೆಯ ಹಾಗೆ ಅರಚಿದರು, ಮತ್ತೊಬ್ಬರು ಅರಚಿದರು, ಕಡೆಗೆ ಸಾರ್ಡೀನ್ ಹುರಿಯುವವರೂ ಕೆಲಸ ಬಿಟ್ಟು ಅರಚಿದರು. ಅರ್ಗೀರಿಸ್ ಎವಾಂಥಿಯಾಳ ಕಡೆ ನೋಡಿದ. ಅವಳು ಮೊಣಕೈ ಒರೆಸಿಕೊಳ್ಳುತ್ತ ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು. ಅವನು ಎಷ್ಟೋ ವರ್ಷದಿಂದ ನೋಡಿರದ ನಗು ಅದು. ಅವನ ಎದೆಯ ಮೇಲಿನ ಕಲ್ಲು ಇಳಿಯಿತು. ಅವನು ಊರಿಗೆ ತಲೆಬಾಗಿ ನಮಸ್ಕಾರ ಮಾಡಿ, ಹೂಗುಚ್ಛವನ್ನು ಮಾರನೆಯ ಬೆಳಿಗ್ಗೆ ಥಿಮಿಯೊಸನ ಗೋರಿಗೆ ಕೊಟ್ಟು, ಹುಲ್ಲು ತೆಗೆದು ಬಂದ.

ಈಗ ಮಿರ್ಸಿನಿ ವರ್ಷಕ್ಕೆ ನಾಲ್ಕು ಸಲ ಬರುತ್ತಾಳೆ, ಎವಾಂಥಿಯಾಳ ಮನೆಯಲ್ಲೇ ಇಳಿಯುತ್ತಾಳೆ. ಸೈಕಲ್ಲಿಗೆ ಹೊಸ ಬ್ರೇಕ್ ಹಾಕಿಸಿದ್ದಾರೆ, ಅದರ ಮೇಲೆ ಅರ್ಗೀರಿಸನಿಗೆ ಹಕ್ಕಿಲ್ಲ. ಮೀಟರ್ ಓದುವ ಮನೆಗಳಲ್ಲಿ ಕಾಫಿ ನಿಂತಿದೆ, ದಿನಕ್ಕೆ ಅರವತ್ತು ಮನೆ ಮತ್ತೆ ಮುಗಿಯುತ್ತವೆ. ಆದರೆ ಜಿಸಿಸನ ಅಂಗಡಿಯಲ್ಲಿ ರೇಡಿಯೊ ಆ ಹಾಡನ್ನು ಹಾಕಿದರೆ ಮೂರನೇ ಚರಣಕ್ಕೆ ಎಲ್ಲರೂ ಗ್ಲಾಸು ಎತ್ತುತ್ತಾರೆ, ಅರ್ಗೀರಿಸ್ ಗಂಭೀರವಾಗಿ ಎದ್ದು ನಿಲ್ಲುತ್ತಾನೆ. ಮೊನ್ನೆ ಥೆಸ್ಸಲೊನೀಕಿಯಿಂದ ಬಂದ ಒಬ್ಬ ಪ್ರವಾಸಿ ಕಣ್ಣೊರೆಸಿಕೊಂಡು, ಪಾಪ, ಯಾವುದೋ ದೊಡ್ಡ ಪ್ರೇಮದ ಕತೆಯಿರಬೇಕು ಎಂದನಂತೆ. ಅರ್ಗೀರಿಸ್ ತನ್ನ ಕುರ್ಚಿಯನ್ನು ಅವನ ಮೇಜಿಗೆ ಎಳೆದುಕೊಂಡ.

“ಹೌದು ಸ್ವಾಮಿ, ದೊಡ್ಡ ಪ್ರೇಮವೇ,” ಎಂದ ಎದೆಯುಬ್ಬಿಸಿ. “ಅದರಲ್ಲಿ ಒಂದು ಕತ್ತೆ ಬರುತ್ತಲ್ಲ, ಅದು ನಾನು.”